ಮುನಿಶಾಮಪ್ಪನ ಗುಲಾಬಿ ಅತ್ತರು

ಹೆಬ್ಬಾಳದಲ್ಲಿ ದನಕರುಗಳ ರೋಗಕ್ಕೆ ಔಷಧಿ ತಯಾರಿಸುವ ಸರ್ಕಾರಿ ಸಂಸ್ಥೆಯೊಂದಿತ್ತು. ಅಲ್ಲಿ ಕೊಟ್ಟಿಗೆ ಆಳಾಗಿ ಮೂವತ್ತೊಂದು ವರ್ಷ ದುಡಿದ ಮುನಿಶಾಮಪ್ಪನಿಗೆ ಅರವತ್ತಮೂರನೇ ಇಸವಿಯ ಸಂಕ್ರಾಂತಿ ಕಳೆದು ಎರಡು ವಾರಕ್ಕೆ ನಿವೃತ್ತಿಯಾಯಿತು. ಕೋಣಗಳನ್ನು ಕಟ್ಟುವುದು, ಡಾಕ್ಟರು ರಕ್ತ ತೆಗೆಯುವಾಗ ಕೊಂಬು ಹಿಡಿದು ನಿಲ್ಲುವುದು, ಆಮೇಲೆ ನೆಲಕ್ಕೆ ಫಿನಾಯಿಲ್ ಸುರಿದು ಪೊರಕೆಯಲ್ಲಿ ಉಜ್ಜುವುದು, ಇಷ್ಟು ಅವನ ಕೆಲಸ. ಫಿನಾಯಿಲು, ಸಗಣಿ, ಹಸಿ ರಕ್ತ ಮೂರೂ ಬೆರೆತ ವಾಸನೆ ಅವನ ಚರ್ಮದೊಳಕ್ಕೇ ಇಳಿದುಬಿಟ್ಟಿತ್ತು. ಸೀಗೆಕಾಯಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಯಲಹಂಕದ ಬಸ್ಸು ಹತ್ತಿದರೆ ಅವನ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು. ಹಾಗಾಗಿ ಅವನು ಕೊಡಿಗೇಹಳ್ಳಿಯಿಂದ ಹೆಬ್ಬಾಳಕ್ಕೆ ನಡೆದೇ ಹೋಗುತ್ತಿದ್ದ, ನಡೆದೇ ಬರುತ್ತಿದ್ದ.

ಕೊನೆಯ ದಿನ ಸಾಯಂಕಾಲ ಕೊಟ್ಟಿಗೆಯ ಹಿಂದಿನ ನಲ್ಲಿಯಲ್ಲಿ ಕೈಕಾಲು ತೊಳೆಯುತ್ತಿದ್ದಾಗ ರಹಮತುಲ್ಲಾ ಬಂದ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ರಹಮತುಲ್ಲಾನಿಗೆ ಇನ್ನೂ ಎರಡು ತಿಂಗಳ ಸರ್ವೀಸು ಉಳಿದಿತ್ತು.

"ಮುನಿಶಾಮಣ್ಣ, ಕೈ ನೀಡು."

"ಯಾಕೆ ಸಾಬ್ರೇ?"

"ನೀಡು ಅಂದ್ರೆ ನೀಡು."

ರಹಮತುಲ್ಲಾ ಜೇಬಿನಿಂದ ಕಿರುಬೆರಳಿನಷ್ಟು ಉದ್ದದ ಸೀಸೆ ತೆಗೆದು, ಬಿರಡೆಯ ಕಡ್ಡಿಯನ್ನು ಅವನ ಮಣಿಕಟ್ಟಿಗೆ ಒತ್ತಿದ. ಇನ್ನೊಂದು ಹನಿಯನ್ನು ಹತ್ತಿಯ ಚೂರಿಗೆ ಹಾಕಿ ಅವನ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿದ. "ಗುಲಾಬಿದು. ನಾನು ಶುಕ್ರವಾರ ಶುಕ್ರವಾರ ಇದನ್ನ ಹಾಕ್ಕೊಂಡು ನಮಾಜ್‌ಗೆ ಹೋಗ್ತೀನಿ. ಅವತ್ತೊಂದು ದಿನ ನಾನು ಬೇರೆ ಮನುಷ್ಯ ಆಗಿರ್ತೀನಿ. ನಿನಗೆ ಶುಕ್ರವಾರನೇ ಇರ್ಲಿಲ್ಲವಲ್ಲ ಮಾರಾಯ. ತಗೋ, ಈ ಸೀಸೆ ನಿನ್ನದು."

ಮುನಿಶಾಮಪ್ಪ ನಕ್ಕು ಸೀಸೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟ.

ಮೊದಮೊದಲು ಅದು ವಾಸನೆ ಎಂದೇ ಅನ್ನಿಸಲಿಲ್ಲ. ಮೂಗಿನ ಹತ್ತಿರ ಯಾರೋ ತಣ್ಣೀರು ಹಿಡಿದ ಹಾಗಿತ್ತು. ಬಳ್ಳಾರಿ ರಸ್ತೆಗೆ ಬಂದು ನಾಲ್ಕು ಹೆಜ್ಜೆ ನಡೆದು ಮೈ ಬೆಚ್ಚಗಾದಾಗ ಅದು ಮೆಲ್ಲಗೆ ಕಣ್ಣು ಬಿಟ್ಟಿತು. ಕೆರೆಯ ಏರಿಯ ಮೇಲೆ ಬರುವ ಹೊತ್ತಿಗೆ ಅವನ ಸುತ್ತ ಒಂದು ತೋಟವೇ ನಡೆದು ಬರುತ್ತಿತ್ತು. ಕೆಂಪಗಿನ, ದಪ್ಪ ಎಸಳಿನ, ನಸುಕಿನಲ್ಲಿ ಕಿತ್ತ ಗುಲಾಬಿ. ಅದರ ಹಿಂದೆ ಜೇನು, ಜೇನಿನ ಹಿಂದೆ ಹೆಸರಿಡಲಾಗದ ಇನ್ನೇನೋ. ಅವನು ಕೈ ಬೀಸಿದರೆ ತೋಟ ಹಿಂದಕ್ಕೆ ಸರಿದು ಮತ್ತೆ ಮುಂದೆ ಬರುತ್ತಿತ್ತು. ಕೆರೆಯ ನೀರಿನ ಮೇಲೆ ಇಳಿಬಿಸಿಲು ಮಲಗಿತ್ತು. ಹುಲ್ಲಿನ ಹೊರೆ ಹೊತ್ತು ಎದುರಿಗೆ ಬಂದ ಹೆಂಗಸೊಬ್ಬಳು ದಾರಿ ಬಿಡದೆ ನಿಂತು, ಇವನು ದಾಟಿದ ಮೇಲೂ ತಿರುಗಿ ನೋಡಿದಳು. ತನ್ನನ್ನು ಯಾರಾದರೂ ತಿರುಗಿ ನೋಡಿ ಎಷ್ಟು ಕಾಲವಾಯಿತು ಎಂದು ಯೋಚಿಸುತ್ತಾ ಅವನು ನಿಧಾನವಾಗಿ ನಡೆದ. ಅರ್ಧ ಗಂಟೆಯ ದಾರಿಗೆ ಒಂದು ಗಂಟೆ ಹಿಡಿಯಿತು.

ಮನೆಯಲ್ಲಿ ಅವನ ಜಾಗ ಜಗಲಿ. ತಟ್ಟೆ ಅಲ್ಲಿ, ಚೊಂಬು ಅಲ್ಲಿ, ಚಾಪೆ ಅಲ್ಲಿ. ಮಗ ಮುನಿಕೃಷ್ಣಪ್ಪ ಕೈಗೂಸಾಗಿದ್ದಾಗ ಅಪ್ಪನ ಮೈವಾಸನೆಗೆ ವಾಂತಿ ಮಾಡಿಕೊಳ್ಳುತ್ತಿದ್ದ. ಆಗ ಮುನಿಶಾಮಪ್ಪ ಹೊರಗೆ ಕೂತವನು, ಆಮೇಲೆ ಹೊರಗಿನವನೇ ಆಗಿ ಉಳಿದ. ಆ ಕೂಸು ಈಗ ಜಾಲಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗುತ್ತಿತ್ತು. ಮಗಳು ರತ್ನಿಗೆ ಹತ್ತೊಂಬತ್ತು. ಒಳಗಿನ ಮೂಲೆಯಲ್ಲಿ ಕಣ್ಣು ಮಂಜಾದ ತಾಯಿ ಪಟಾಲಮ್ಮ. ಇವರೆಲ್ಲರ ಮಾತು ಅವನಿಗೆ ಗೋಡೆಯ ಆಚೆಯಿಂದ ಕೇಳಿ ಗೊತ್ತು.

ಅವನು ಜಗಲಿಯಲ್ಲಿ ಕೂತಾಗ ದೀಪ ಹಚ್ಚುವ ಹೊತ್ತು. ಹೆಂಡತಿ ವೆಂಕಟಲಕ್ಷ್ಮಮ್ಮ ಚೊಂಬಿನಲ್ಲಿ ನೀರು ಹಿಡಿದು ಹೊಸ್ತಿಲವರೆಗೆ ಬಂದವಳು ತಟ್ಟನೆ ನಿಂತಳು. ಸೆರಗು ಸರಿಮಾಡಿಕೊಂಡು ಒಳಗೆ ತಿರುಗಿ, "ರತ್ನಿ, ಯಾರೋ ಬಂದವ್ರೆ ನೋಡು" ಅಂದಳು.

"ನಾನು ಕಣೆ."

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಏನಿದು ವಾಸ್ನೆ?"

"ರಹಮತುಲ್ಲಾ ಸಾಬ್ರು ಹಚ್ಚಿದ್ರು. ಅತ್ತರು."

ಅವಳು ಚೊಂಬನ್ನು ಇಟ್ಟು ಒಳಗೆ ಹೋದಳು. ಮುನಿಶಾಮಪ್ಪ ಸ್ವಲ್ಪ ಹೊತ್ತು ತನ್ನ ಮಣಿಕಟ್ಟನ್ನೇ ಮೂಸುತ್ತಾ ಕೂತಿದ್ದ. ಆಮೇಲೆ ಎದ್ದ. ಯಾಕೆ ಎದ್ದನೋ ಅವನಿಗೇ ತಿಳಿಯದು. ತೋಟವನ್ನು ಹೊತ್ತುಕೊಂಡೇ ಹೊಸ್ತಿಲು ದಾಟಿ, "ಇವತ್ತು ಒಳಗೇ ಉಣ್ತೀನಿ" ಅಂದ.

ಒಳಗೆ ಅವನನ್ನು ಎಲ್ಲಿ ಕೂರಿಸಬೇಕೆಂದು ಯಾರಿಗೂ ಗೊತ್ತಾಗಲಿಲ್ಲ. ರತ್ನಿ ಒರಳಿನ ಪಕ್ಕದ ಅವರೆಕಾಯಿಯ ಕುಕ್ಕೆ ಸರಿಸಿ ಜಾಗ ಮಾಡಿದಳು. ಮುನಿಕೃಷ್ಣಪ್ಪ ಮಂಡಿ ಮಡಿಚಿಕೊಂಡ. ಪಟಾಲಮ್ಮ ಮೂಲೆಯಿಂದಲೇ ಮೂಗೆತ್ತಿ, "ಯಾರ ಮನೇದೇ ಮದ್ವೆ?" ಅಂದಳು.

"ಮದ್ವೆಯಲ್ಲ ಕಣವ್ವ, ನಾನು."

"ನೀನಾ? ಕೂತ್ಕೋ ಮಗ, ಉಣ್ಣು."

ಹಿದುಕಿದ ಬೇಳೆ ಸಾರು, ರಾಗಿಮುದ್ದೆ. ಮುದ್ದೆ ಮುರಿದು ಬಾಯಿಗಿಡುವಾಗೆಲ್ಲ ಕೈಯಿಂದ ಗುಲಾಬಿ ಬರುತ್ತಿತ್ತು. ಸಾರಿನ ಖಾರ ಅದರೊಳಗೆ ಕರಗಿಹೋಗುತ್ತಿತ್ತು. ಊಟದುದ್ದಕ್ಕೂ ಮುನಿಶಾಮಪ್ಪನಿಗೆ ತಾನು ಯಾವುದೋ ದೂರದ ನೆಂಟರ ಮನೆಗೆ ಬಂದು ಕೂತ ಹಾಗೆ, ಆ ನೆಂಟರು ತನಗೆ ಬಹಳ ಇಷ್ಟವಾದ ಹಾಗೆ ಅನ್ನಿಸುತ್ತಿತ್ತು.

ಅಂದಿನಿಂದ ಅದೇ ನಡೆಯಿತು. ಬೆಳಿಗ್ಗೆ ಸ್ನಾನ ಮಾಡಿ ಮಣಿಕಟ್ಟಿಗೊಂದು, ಕಿವಿಯ ಹಿಂದಕ್ಕೊಂದು ಹನಿ. ಎಂಟು ಗಂಟೆಗೆ ಅದು ನೀರಿನ ಹಾಗೆ ತಣ್ಣಗಿರುತ್ತಿತ್ತು. ಹತ್ತಕ್ಕೆ ಹಿತ್ತಲಿನ ದ್ರಾಕ್ಷಿ ಚಪ್ಪರದ ಕೆಳಗೆ ಬಿಸಿಲು ಬಿದ್ದಾಗ ಹೂವಾಗುತ್ತಿತ್ತು. ಮಧ್ಯಾಹ್ನ ಬೆವರಿನೊಂದಿಗೆ ಬೆರೆತು ಗಟ್ಟಿ ಜೇನಾಗುತ್ತಿತ್ತು. ಸಂಜೆಗೆ ಹಳೆಯ ಮರದ ಪೆಟ್ಟಿಗೆಯ ಒಳಗಿನ ಕಂಪಿನಂತೆ ತೀರಾ ಸಣ್ಣಗೆ, ಹತ್ತಿರ ಬಂದವರಿಗೆ ಮಾತ್ರ ಸಿಗುವಷ್ಟು ಉಳಿಯುತ್ತಿತ್ತು. ಗಡಿಯಾರ ನೋಡದೆ ಅವನು ಹೊತ್ತು ತಿಳಿಯತೊಡಗಿದ.

ಆ ಕಂಪಿನೊಳಗೆ ಕೂತು ತನ್ನ ಮನೆಯನ್ನು ಹೊಸದಾಗಿ ಕಂಡ. ರತ್ನಿ ರಾಗಿ ಬೀಸುವಾಗ ತುಟಿ ತೆರೆಯದೆ ಮೂಗಿನಲ್ಲೇ ಹಾಡಿಕೊಳ್ಳುತ್ತಾಳೆ. ಮುನಿಕೃಷ್ಣಪ್ಪ ಯಾರೂ ನೋಡದಾಗ ಸಾರಿಗೆ ಮತ್ತಷ್ಟು ಉಪ್ಪು ಹಾಕಿಕೊಳ್ಳುತ್ತಾನೆ. ವೆಂಕಟಲಕ್ಷ್ಮಮ್ಮ ಒಲೆ ಊದುವಾಗ ಎಡಗಣ್ಣು ಮುಚ್ಚುತ್ತಾಳೆ. ಅಡುಗೆಮನೆಯ ಗವಾಕ್ಷಿಯಿಂದ ಒಂಬತ್ತು ಗಂಟೆಗೆ ಒಂದು ಬಿಸಿಲುಕೋಲು ಇಳಿದು, ಒಲೆಯ ಹೊಗೆಯಲ್ಲಿ ಸ್ವಲ್ಪ ಹೊತ್ತು ಆಡಿ, ನೀರಿನ ಗುಡಾಣದ ಮೇಲೆ ಕೂತು, ಹೊರಟುಹೋಗುತ್ತದೆ. ಮೂವತ್ತು ವರ್ಷ ಅದು ಅವನಿಲ್ಲದೆಯೇ ಬಂದುಹೋಗಿತ್ತು. ಈಗ ಅದಕ್ಕಾಗಿ ಕಾದು ಕೂರುತ್ತಿದ್ದ.

"ಕಾಲು ಚಾಚ್ಕೊಂಡು ಇಲ್ಲೇ ಕೂತ್ರೆ ನಾನು ಎಲ್ಲಿ ಓಡಾಡ್ಲಿ?" ಎನ್ನುತ್ತಿದ್ದಳು ವೆಂಕಟಲಕ್ಷ್ಮಮ್ಮ. "ಅನ್ನ ಬಸಿದ್ರೂ ಗುಲಾಬಿ, ಒಗ್ಗರಣೆ ಹಾಕಿದ್ರೂ ಗುಲಾಬಿ. ಉಪ್ಪಿನಕಾಯಿ ಜಾಡಿ ಬಾಯಿ ತೆಗ್ಯಂಗಿಲ್ಲ."

"ಅತ್ತ ಸರೀಲಾ?"

"ಎತ್ತ ಸರಿದ್ರೂ ಬತ್ತದೆ ಅದು."

ವಾರಕ್ಕೊಂದು ದಿನ ಯಶವಂತಪುರದಲ್ಲಿ ರಹಮತುಲ್ಲಾನ ಮನೆಗೆ ಹೋಗಿ ಎರಡು ಗಳಿಗೆ ಕೂತು ಬರುತ್ತಿದ್ದ. ಈಗ ಬಸ್ಸಿನಲ್ಲೇ ಹೋಗುತ್ತಿದ್ದ. ಪಕ್ಕದಲ್ಲಿ ಜನ ಕೂರುತ್ತಿದ್ದರು. ಒಮ್ಮೆ ಒಬ್ಬ ಮುದುಕ ಅವನ ಹೆಗಲಿಗೆ ತಲೆಯಾನಿಸಿ ನಿದ್ದೆ ಹೋದ. ಮುನಿಶಾಮಪ್ಪ ಇಳಿಯುವ ಸ್ಟಾಪು ಬಂದರೂ ಎಬ್ಬಿಸಲಾರದೆ, ಇನ್ನೂ ಒಂದು ಸ್ಟಾಪು ಮುಂದೆ ಹೋಗಿ ಇಳಿದು ಹಿಂದಕ್ಕೆ ನಡೆದ.

ಅದೇ ಹೊತ್ತಿಗೆ ರತ್ನಿಗೆ ಅಬ್ಬಿಗೆರೆಯಿಂದ ಸಂಬಂಧ ಬಂತು. ಹುಡುಗನ ತಂದೆ ಮುನಿಯಲ್ಲಪ್ಪ, ಹೆಂಡತಿ ಪಿಳ್ಳಮ್ಮನೊಂದಿಗೆ ಹೆಣ್ಣು ನೋಡಲು ಬಂದ. ರತ್ನಿ ಎಲ್ಲರಿಗೂ ಒಪ್ಪಿಗೆಯಾದಳು. ಮುನಿಶಾಮಪ್ಪ ಎಲೆ ಅಡಿಕೆ ತಟ್ಟೆ ಮುಂದಿಟ್ಟಾಗ ಮುನಿಯಲ್ಲಪ್ಪನ ಮೂಗು ಒಮ್ಮೆ ಅರಳಿತು. ಅವನು ತಲೆ ಬಗ್ಗಿಸಿ ಎಲೆಗೆ ಸುಣ್ಣ ಹಚ್ಚತೊಡಗಿದ.

ಮುಂದಿನ ಭಾನುವಾರ ಎಲ್ಲರೂ ಮಧ್ಯಾಹ್ನದ ಊಟಕ್ಕೆ ಕೂತಿದ್ದಾಗ, ಸಂಬಂಧ ಹೇಳಿದ್ದ ನೆಂಟ ಕೃಷ್ಣಯ್ಯ ಬಂದ. ಊಟಕ್ಕೆ ಕರೆದರೆ ಬೇಡ ಎಂದು ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತ.

"ಹುಡುಗಿ ವಿಷ್ಯದಲ್ಲಿ ಏನೂ ಇಲ್ಲ. ಬಂಗಾರದಂಥ ಹುಡುಗಿ ಅಂದ್ರು. ಆದ್ರೆ ಮುನಿಯಲ್ಲಪ್ಪನೋರು ಒಂದು ಮಾತು ಕೇಳವ್ರೆ. ಮನೆ ಯಜಮಾನ್ರು ಈ ವಯಸ್ಸಲ್ಲಿ ಅತ್ತರು ಬಳ್ಕೊಂಡು ವಾರವಾರ ಯಶವಂತಪುರಕ್ಕೆ ಹೋಯ್ತಾರಂತೆ, ಅದು ಎಲ್ಲಿಗೆ ಅಂತ."

ಕೃಷ್ಣಯ್ಯ ಹೆಚ್ಚು ಹೊತ್ತು ಕೂರದೆ, ಯೋಚನೆ ಮಾಡಿ ಎಂದು ಹೇಳಿ ಹೋದ.

ಮುನಿಕೃಷ್ಣಪ್ಪ ಕೈ ಜಾಡಿಸಿದ. "ನಾನು ಮೊದ್ಲೇ ಹೇಳ್ಬೇಕು ಅಂತಿದ್ದೆ ಕಣಪ್ಪ. ಫ್ಯಾಕ್ಟ್ರಿಯಲ್ಲೂ ಕೇಳ್ತಾರೆ. ನಿಮ್ಮಪ್ಪನಿಗೆ ಏನಾಗೈತೆ ಅಂತ. ಬಿಟ್ಬಿಡು ಅದನ್ನ."

"ಯಾರ್ಗೇನು ತೊಂದ್ರೆ ಅದ್ರಿಂದ?"

"ರತ್ನಿ ಮದ್ವೆಗೆ ತೊಂದ್ರೆ. ಇನ್ನೇನು ಬೇಕು?"

"ನನಗಾಗಿ ಯಾರೂ ಜಗಳ ಆಡ್ಬೇಡಿ" ಅಂದಳು ರತ್ನಿ. "ಅಪ್ಪ ಎಲ್ಲಿಗೂ ಹೋಗಲ್ಲ ಅಂತ ನಮಗೆ ಗೊತ್ತಲ್ಲ."

"ನಮಗೆ ಗೊತ್ತಿದ್ರೆ ಆಯ್ತಾ? ಊರಿಗೆ ಗೊತ್ತಾಗ್ಬೇಡ್ವಾ? ಒಂದು ಹನಿ ಅತ್ತರು ಬಿಡಕ್ಕೆ ಆಗಲ್ವಾ ಮನುಷ್ಯನಿಗೆ?" ಅಂದ ಮುನಿಕೃಷ್ಣಪ್ಪ.

ಮುನಿಶಾಮಪ್ಪ ಮುದ್ದೆಯ ತುಂಡನ್ನು ಬೆರಳಲ್ಲಿ ಉರುಳಿಸುತ್ತಿದ್ದ. ಜೇನಿನ ಹೊತ್ತು ಅದು. ಅವನ ಮೈ ಸುತ್ತ ಗಾಳಿಯೇ ಸಿಹಿಯಾಗಿತ್ತು. ಆ ಸಿಹಿಯೊಳಗಿಂದಲೇ ಮಾತಾಡಿದ.

"ಅದಿಲ್ದಿದ್ರೆ ನನ್ನ ಒಳಕ್ಕೆ ಯಾರು ಬಿಟ್ಕೋತಿದ್ರು?"

ವೆಂಕಟಲಕ್ಷ್ಮಮ್ಮ ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟಳು. "ಏನಂದೆ?"

"ಇದ್ದಿದ್ದು ಹೇಳ್ದೆ. ಮೂವತ್ತು ವರ್ಷ ಜಗಲಿಯಲ್ಲಿ ಬಿದ್ದಿದ್ದೆ."

"ಯಾರು ಬೀಳಿಸಿದ್ರು ನಿನ್ನ ಜಗಲಿಗೆ?" ಅವಳ ದನಿ ಏರಲಿಲ್ಲ. "ಮುನಿಕೃಷ್ಣ ಕೂಸಾಗಿದ್ದಾಗ ಒಂದು ದಿನ ಅಂದೆ, ಮಗು ಕಕ್ಕೋತದೆ, ವಸಿ ಆಚೆ ಕೂತ್ಕೋ ಅಂತ. ಒಂದು ದಿನ. ಮಾರ್ನೇ ದಿನ ತಟ್ಟೆ ಒಳಗೇ ಇಟ್ಟೆ. ನೀನು ಬರ್ಲಿಲ್ಲ. ಒಂದು ವರ್ಷ ಒಳಗೇ ಇಟ್ಟೆ. ದಿನಾ ಕರ್ದೆ. ಇಲ್ಲೇ ಕೊಡು, ಇಲ್ಲೇ ಕೊಡು ಅಂದೆ ನೀನು. ಅತ್ತೇನ ಕೇಳು ಬೇಕಾದ್ರೆ."

ಪಟಾಲಮ್ಮ ಮೂಲೆಯಿಂದ, "ಕರೀತಿದ್ಲು ಕಣಪ್ಪ" ಅಂದಳು.

"ಆಮೇಲೆ ನಾನೂ ಸುಮ್ನಾದೆ. ಎಷ್ಟು ದಿನ ಕರೀಲಿ? ನೀನು ಬೀದಿ ತಿರುವಿಗೆ ಬಂದ್ರೆ ಆ ಫಿನಾಯಿಲ್ ವಾಸ್ನೆ ಬರೋದು. ಅದು ಬಂದ್ರೆ ನಾನು ಎಸರಿಗೆ ಹಿಟ್ಟು ಬಿಡ್ತಿದ್ದೆ. ಅದೇ ನನಗೆ ಗಡಿಯಾರ. ಆ ವಾಸ್ನೆ ಕೆಟ್ಟದು ಅಂತ ನಾನು ಯಾವತ್ತೂ ಅಂದೋಳಲ್ಲ. ನಾನು ಕರ್ದಾಗ ಬರ್ದೋನು, ಸಾಬ್ರು ಒಂದು ಸೀಸೆ ಕೊಟ್ರೆ ಅವತ್ತೇ ಹೊಸ್ತಿಲು ದಾಟ್ದೆ."

ಅವಳು ಎದ್ದು ಹಿತ್ತಲಿಗೆ ಹೋದಳು. ಮುನಿಶಾಮಪ್ಪ ಕೂತೇ ಇದ್ದ. ಅವಳು ಹೇಳಿದ ಆ ಒಂದು ವರ್ಷವನ್ನು ನೆನಪಿಗೆ ತಂದುಕೊಳ್ಳಲು ಪ್ರಯತ್ನಿಸಿದ. ಮಗು ಕಕ್ಕಿದ್ದು ನೆನಪಿತ್ತು. ಅವಳು ಆಚೆ ಕೂರು ಅಂದದ್ದು, ಆಗ ಅವಳ ಕೈಬಳೆ ಸದ್ದು ಮಾಡಿದ್ದು ಕೂಡ ನೆನಪಿತ್ತು. ಆಮೇಲಿನ ಕರೆಗಳು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಯಾರೋ ಬಹಳ ದೂರದಿಂದ ಕರೆದರೂ, ಅದು ತನ್ನ ಹೆಸರಲ್ಲ ಅಂದುಕೊಂಡು ತಾನು ನಡೆದುಹೋದ ಹಾಗಿತ್ತು.

ಅವತ್ತು ಸಾಯಂಕಾಲವೇ ಹಿತ್ತಲಿನ ಕಲ್ಲಿನ ಮೇಲೆ ಕೂತು, ಸೀಗೆಪುಡಿಗೆ ಬೂದಿ ಬೆರೆಸಿ ಮೈ ಕೆಂಪಾಗುವಂತೆ ಉಜ್ಜಿಕೊಂಡ. ಅತ್ತರು ಸುಲಭಕ್ಕೆ ಹೋಗಲಿಲ್ಲ. ಎರಡು ದಿನ ಮಣಿಕಟ್ಟಿನ ಹತ್ತಿರ ನೆರಳಿನಂತೆ ನಿಂತಿತ್ತು, ಮೂರನೆಯ ದಿನ ಇಲ್ಲವಾಯಿತು. ಚಾಪೆ ಮತ್ತೆ ಜಗಲಿಗೆ ಬಂತು. ರತ್ನಿ ತಟ್ಟೆ ತಂದಿಟ್ಟು, "ಒಳಗೆ ಬಾಪ್ಪ" ಎಂದು ಎರಡು ಸಲ ಕರೆದಳು. "ಇಲ್ಲೇ ಇರ್ಲಿ ಬಿಡು" ಅಂದವನಿಗೆ, ಆ ಮಾತು ತನ್ನ ಬಾಯಿಂದ ಎಷ್ಟು ಸರಾಗವಾಗಿ ಬಂತೆಂದು ಕೇಳಿ ದಿಗಿಲಾಯಿತು. ಈಗ ಅವನ ಮೈಗೆ ಯಾವ ವಾಸನೆಯೂ ಇರಲಿಲ್ಲ, ಫಿನಾಯಿಲಿನದೂ ಇಲ್ಲ, ಗುಲಾಬಿಯದೂ ಇಲ್ಲ. ಹೊತ್ತು ಎಷ್ಟಾಯಿತೆಂದು ತಿಳಿಯುತ್ತಿರಲಿಲ್ಲ. ಒಳಗೆ ಬಿಸಿಲುಕೋಲು ಬಂದಿದೆಯೋ ಇಲ್ಲವೋ ಎಂದು ಗೋಡೆಗೆ ಬೆನ್ನು ಕೊಟ್ಟು ಯೋಚಿಸುತ್ತಿದ್ದ.

ಐದನೆಯ ದಿನ ಬೆಳಿಗ್ಗೆ ವೆಂಕಟಲಕ್ಷ್ಮಮ್ಮ ಒಗೆದ ಸೀರೆ ಉಟ್ಟು, ಮಡಿಲಲ್ಲಿ ಎಲೆ ಅಡಿಕೆ ಕಟ್ಟಿಕೊಂಡು ಜಗಲಿಗೆ ಬಂದಳು.

"ಎದ್ದೇಳು. ಅಬ್ಬಿಗೆರೆಗೆ ಹೋಗ್ಬರಾನ."

"ನಾನ್ಯಾಕೆ? ಮುನಿಕೃಷ್ಣನ್ನ ಕರ್ಕೊಂಡು ಹೋಗು."

"ಅನುಮಾನ ಇರೋದು ಮುನಿಕೃಷ್ಣನ ಮ್ಯಾಲಾ?"

ಅವನು ಪಂಚೆ ಬದಲಿಸಿ, ಕರಿಕೋಟು ಹಾಕಿಕೊಂಡು ಬಂದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, ಸ್ವಲ್ಪ ಬಗ್ಗಿ ಉಸಿರೆಳೆದುಕೊಂಡಳು.

"ಸೀಸೆ ಎಲ್ಲಿ?"

"ಐತೆ. ಸೂರಿನ ಸಂದೀಲಿ ಇಟ್ಟಿವ್ನಿ."

"ತಗೊಂಡು ಹಾಕ್ಕೋ. ದಿನಾ ಹೆಂಗ್ ಹಾಕ್ಕೋತಿದ್ದೋ ಹಂಗೆ. ಬಚ್ಚಿಟ್ಟು ಹೋದ್ರೆ ತಪ್ಪು ಮಾಡ್ದಂಗೆ ಆಯ್ತದೆ."

ಕೊಡಿಗೇಹಳ್ಳಿಯಿಂದ ಜಾಲಹಳ್ಳಿ ದಾಟಿ ಅಬ್ಬಿಗೆರೆಗೆ ಎರಡು ಗಂಟೆಗೂ ಮೇಲಿನ ನಡಿಗೆ. ಹೊಲಗಳಲ್ಲಿ ರಾಗಿಯ ಮೆದೆ ಹಾಕಿದ್ದರು. ದಾರಿಯಲ್ಲಿ ಅವಳು ತನ್ನಷ್ಟಕ್ಕೆ ತುಟಿ ಅಲ್ಲಾಡಿಸುತ್ತಾ ನಡೆದಳು. ಅತ್ತರು ನೀರಾಗಿ, ಹೂವಾಗಿ ತನ್ನ ಪಾಡಿಗೆ ತಾನು ಜೊತೆಯಲ್ಲಿ ಬರುತ್ತಿತ್ತು.

ಮುನಿಯಲ್ಲಪ್ಪ ಮನೆಯ ಮುಂದೆ ನೊಗಕ್ಕೆ ಹಗ್ಗ ಸುತ್ತುತ್ತಿದ್ದ. ಇಬ್ಬರನ್ನೂ ಕಂಡು ಗಾಬರಿಯಾಗಿ ಚಾಪೆ ಹಾಸಿಸಿದ. ಪಿಳ್ಳಮ್ಮ ಮಜ್ಜಿಗೆ ತಂದಳು. ವೆಂಕಟಲಕ್ಷ್ಮಮ್ಮ ಲೋಟವನ್ನು ತುಟಿಗಿಡದೆ ಪಕ್ಕಕ್ಕಿಟ್ಟು ಮಾತು ಶುರುಮಾಡಿದಳು.

"ಅಣ್ಣ, ನೀವು ಕೇಳಿಸಿದ ಮಾತಿಗೆ ಉತ್ರ ಹೇಳಕ್ಕೆ ಬಂದಿವ್ನಿ. ಈವಯ್ಯ ಹೆಬ್ಬಾಳದಲ್ಲಿ ದನದ ಕೊಟ್ಟಿಗೆ ಕೆಲ್ಸ ಮಾಡ್ದೋರು. ಮೂವತ್ತೊಂದು ವರ್ಷ ಫಿನಾಯಿಲ್ ನಾರ್ಕೊಂಡು ಓಡಾಡವ್ರೆ. ಯಾಕಯ್ಯ ಇಂಗೆ ನಾರ್ತೀಯ ಅಂತ ಒಬ್ರೂ ಕೇಳ್ಲಿಲ್ಲ. ದೂರ ಸರಿದು ಕೂತ್ರು ಅಷ್ಟೆ. ಈಗ ನಾಕು ದಿನ ಘಮ್ಮಂದ್ರೆ, ಎಲ್ಲಿಗೆ ಹೋಯ್ತಾನೆ ಅಂತ ಎಲ್ರೂ ಕೇಳ್ತೀರ."

ಮುನಿಯಲ್ಲಪ್ಪ ಹಗ್ಗದ ತುದಿಯನ್ನು ಬಿಚ್ಚಿ ಮತ್ತೆ ಸುತ್ತಿದ. "ಜನ ಅಂದ್ರು, ಅದಕ್ಕೆ ಕೇಳ್ದೆ ಕಣವ್ವ. ಹೆಣ್ಣು ತರೋರು ನಾವು."

"ಕೇಳಿದ್ದು ತಪ್ಪಲ್ಲ. ಯಶವಂತಪುರದಲ್ಲಿ ಜೊತೇಲಿ ಕೆಲ್ಸ ಮಾಡಿದ ಸಾಬ್ರು ಅವ್ರೆ, ರಹಮತುಲ್ಲಾ ಅಂತ. ಅವ್ರ ಮನೇಲಿ ಕೂತು ಚಾ ಕುಡಿದು ಬತ್ತಾರೆ. ನೀವೂ ಒಂದ್ಸಲ ಹೋಗಿ ನೋಡ್ಬೋದು. ಆದ್ರೆ ಅತ್ತರು ಬಿಟ್ರೆ ಸಂಬಂಧ, ಇಲ್ದಿದ್ರೆ ಇಲ್ಲ ಅನ್ನೋ ಮಾತು ಬ್ಯಾಡ. ಅದು ನಮಗೆ ಆಗಲ್ಲ."

ಮುನಿಶಾಮಪ್ಪ ಹೆಂಡತಿಯ ಕಡೆ ನೋಡಿದ. ಈ ಮಾತನ್ನು ಅವಳು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದಿರಬೇಕು.

"ಮೊದ್ಲಿಂದ್ಲೂ ಹಾಕ್ಕೋತಿರ್ಲಿಲ್ವಾ ನೀವು?" ಎಂದು ಮುನಿಯಲ್ಲಪ್ಪ ಅವನನ್ನೇ ಕೇಳಿದ.

"ಇಲ್ಲ. ರಿಟೈರಾದ ದಿನ ಸಾಬ್ರು ಕೊಟ್ರು. ಹಾಕ್ಕೊಂಡೆ. ಚೆನ್ನಾಗೈತೆ ಅನ್ನಿಸ್ತು." ಕೋಟಿನ ತೋಳನ್ನು ಕೆಳಗೆಳೆದುಕೊಂಡು, "ಅಷ್ಟೆ" ಅಂದ.

ಬಾಗಿಲಿಗೆ ಒರಗಿ ನಿಂತಿದ್ದ ಪಿಳ್ಳಮ್ಮ ಹತ್ತಿರ ಬಂದು ಕೂತಳು. "ಎಲ್ಲಿ, ಕೈ ಚಾಚಣ್ಣ." ಅವನು ಸಂಕೋಚದಿಂದ ಚಾಚಿದ ಕೈಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಆಮೇಲೆ ಗಂಡನ ಕಡೆ ತಿರುಗಿ, "ನೀನೂ ಒಂದು ಹನಿ ಹಚ್ಕೊಂಡ್ರೆ ನನಗೆ ಬೇಜಾರಿಲ್ಲ" ಅಂದಳು.

ಮುನಿಯಲ್ಲಪ್ಪ ನಗು ತಡೆಯಲಾರದೆ ಹಗ್ಗ ಕೆಳಗಿಟ್ಟ. "ಮಜ್ಜಿಗೆ ಕುಡೀರವ್ವ ಮೊದ್ಲು. ಯುಗಾದಿ ಕಳೀಲಿ, ಶಾಸ್ತ್ರ ಇಟ್ಕೊಳ್ಳಾನ."

ವೆಂಕಟಲಕ್ಷ್ಮಮ್ಮ ಒಂದೇ ಗುಟುಕಿಗೆ ಲೋಟ ಬರಿದುಮಾಡಿದಳು.

ಊಟ ಮಾಡಿಯೇ ಹೋಗಬೇಕೆಂದು ಪಿಳ್ಳಮ್ಮ ಬಿಡಲಿಲ್ಲ. ಹೊರಡುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಜಾಲಹಳ್ಳಿ ದಾಟಿದ ಮೇಲೆ ರಸ್ತೆಯಲ್ಲಿ ಅವರಿಬ್ಬರೇ. ಬಲಗಡೆಯ ಬಯಲಿನಿಂದ ಗಾಳಿ ಬೀಸುತ್ತಿತ್ತು, ಹುರುಳಿ ಕಿತ್ತ ಹೊಲದ ಧೂಳಿನೊಂದಿಗೆ. ಮುನಿಶಾಮಪ್ಪ ಅರಿವಿಲ್ಲದೆ ರಸ್ತೆಯ ಎಡ ಅಂಚಿಗೆ ಸರಿದು ನಡೆಯತೊಡಗಿದ. ಯಾರ ಜೊತೆ ನಡೆದರೂ ಹಾಗೆ. ಗಾಳಿ ತನ್ನನ್ನು ದಾಟಿ ಅವರ ಕಡೆ ಹೋಗದ ಹಾಗೆ, ಅವರನ್ನು ದಾಟಿ ತನ್ನ ಕಡೆ ಬರುವ ಹಾಗೆ. ಮೂವತ್ತೊಂದು ವರ್ಷದಲ್ಲಿ ಕಾಲುಗಳು ಅದನ್ನು ತಾವೇ ಕಲಿತಿದ್ದವು.

ವೆಂಕಟಲಕ್ಷ್ಮಮ್ಮ ನಾಲ್ಕು ಹೆಜ್ಜೆ ನಡೆದು, ನಿಂತು, ಅವನ ಹಿಂದಿನಿಂದ ಸುತ್ತಿ ಬಂದು ಅವನ ಎಡಕ್ಕೆ ಸೇರಿಕೊಂಡಳು. ಅವಳು ರಸ್ತೆಯಂಚಿನ ಹುಲ್ಲಿನ ಮೇಲೆ ಕಾಲಿಡಬೇಕಾಯಿತು. ತಾನು ಅವಳನ್ನು ಮುಳ್ಳಿನ ಕಡೆಗೆ ಒತ್ತಿದಂತಾಯಿತೆಂದು ಅವನು ಬಲಕ್ಕೆ ಜಾಗ ಬಿಟ್ಟು, "ಆ ಕಡೆಯೇ ನಡಿ, ಈ ಕಡೆ ಮುಳ್ಳೈತೆ" ಅಂದ.

"ಇರ್ಲಿ."

"ಗಾಳಿ ನನ್ನ ಮೇಲಿಂದ ನಿನ್ನ ಕಡೆ ಬತ್ತೈತೆ ಕಣೆ."

"ಗೊತ್ತು" ಅಂದಳು ಅವಳು.

ಸಂಜೆಯ ಹೊತ್ತಿನ ಅತ್ತರು, ಹತ್ತಿರ ಬಂದವರಿಗೆ ಮಾತ್ರ ಸಿಗುವಷ್ಟು. ಅವಳು ಅವನ ತೋಳಿಗೆ ತಾಗುವಷ್ಟು ಹತ್ತಿರ ನಡೆಯುತ್ತಿದ್ದಳು. ಮುಂದೆ ಕೊಡಿಗೇಹಳ್ಳಿಯ ಮನೆಗಳ ಹೊಗೆ ಕಾಣಿಸಿಕೊಂಡಾಗ, ಮನೆಯಲ್ಲಿ ಹುರುಳಿ ಇದೆ, ಬಸ್ಸಾರು ಮಾಡಲೋ ಹುಳಿ ಮಾಡಲೋ ಎಂದು ಕೇಳಿದಳು. ಏನಾದರೂ ಮಾಡು ಎಂದವನು, ಅವಳು ಉತ್ತರಕ್ಕೆ ಕಾಯುತ್ತಾ ತನ್ನ ಕಡೆ ತಿರುಗಿದ್ದುದನ್ನು ನೋಡಿ, ಬಸ್ಸಾರು ಅಂದ.